ಹತ್ತೊಂಬತ್ತು ಪರದೆಗಳ ಮಸುಕಪ್ಪ

ಆ ಬೀದಿಯಲ್ಲಿ ಫೋಟೋ ಸ್ಟುಡಿಯೋ ಎಲ್ಲಿದೆ ಎಂದು ಕೇಳಿದರೆ ಯಾರೂ ಬೋರ್ಡಿನ ಮೇಲಿನ ಹೆಸರು ಹೇಳುತ್ತಿರಲಿಲ್ಲ. "ಮಸುಕಪ್ಪನ ಅಂಗಡಿನಾ? ಬೀಗ ರಿಪೇರಿಯವನ ಪಕ್ಕದ ಮೆಟ್ಟಿಲು ಹತ್ತಿ" ಎನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬೀದಿ ಒಂದು ಹೆಸರಿಟ್ಟ ಮೇಲೆ ಹೆತ್ತವರದ್ದು ಎಷ್ಟು ದಿನ ಬಾಳೀತು? ಅವನು ತೆಗೆದ ಫೋಟೋದಲ್ಲಿ ಮುಖವೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಮಸುಕು. ರೆಪ್ಪೆಯ ಕೂದಲು ಎಣಿಸಬಹುದು, ಕಿವಿಯಿಂದ ಹಿಂದಕ್ಕೆ ಹೋದರೆ ಬರೀ ಮಂಜು. ಕೈಗೂಸಿನಿಂದ ಹಿಡಿದು ಕೋಲೂರುವ ಮುದುಕರವರೆಗೆ ಯಾರು ಬಂದು ಅವನ ಸ್ಟೂಲಿನ ಮೇಲೆ ಕುಳಿತರೂ ಇದೇ ನ್ಯಾಯ.

ಅವನಿಗೆ ಕೆಲಸ ಬಾರದೆ ಹಾಗಾಗುತ್ತಿತ್ತು ಎಂದುಕೊಳ್ಳಬೇಡಿ, ಬೇಕೆಂದೇ ಮಾಡುತ್ತಿದ್ದ. ಲೆನ್ಸಿನೊಳಗೆ ಬೆಳಕು ಬರುವ ಒಂದು ಕಿಂಡಿ ಇರುತ್ತದೆ. ಕಿಂಡಿಯನ್ನು ಅಗಲ ಮಾಡಿದರೆ ಗುರಿಯಿಟ್ಟದ್ದಷ್ಟೇ ಚೊಕ್ಕವಾಗಿ ನಿಂತು, ಅದರ ಹಿಂದಿನದೆಲ್ಲ ಕರಗುತ್ತದೆ. ಕಿರಿದು ಮಾಡಿದರೆ ಹತ್ತಿರದ್ದೂ ದೂರದ್ದೂ ಒಟ್ಟಿಗೆ ಕಾಣುತ್ತವೆ. ಕ್ಯಾಮೆರಾದ ತಲೆಯ ಮೇಲಿನ ತಿರುಗುಣಿಯನ್ನು 'ಎ' ಅಕ್ಷರಕ್ಕೆ ತಂದು ನಿಲ್ಲಿಸಿದರೆ ಕಿಂಡಿಯ ಅಳತೆ ನಮ್ಮದು, ಎಷ್ಟು ಹೊತ್ತು ಬೆಳಕು ಬಿಡಬೇಕೆಂಬ ಲೆಕ್ಕ ಕ್ಯಾಮೆರಾದ್ದು. ಮಸುಕಪ್ಪ ತಿರುಗುಣಿಯನ್ನು 'ಎ'ಗೆ ತಂದವನು, ಕಿಂಡಿಯನ್ನು ಪೂರ್ತಿ ಅಗಲಿಸಿದವನು, ಅಲ್ಲೇ ಬಿಡಾರ ಹೂಡಿಬಿಟ್ಟಿದ್ದ. ಗಿರಾಕಿಗಳು ಹಿಂದಿನದೂ ಸ್ವಲ್ಪ ಕಾಣಲಿ ಎಂದರೆ, "ನಿಮ್ಮ ಮುಖ ನೋಡೋಕೆ ಫೋಟೋ ತೆಗೆಸ್ತೀರೋ, ಗೋಡೆ ನೋಡೋಕೋ?" ಎಂದು ಕೇಳುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ.

ಆ ಹಟದ ಬುಡದಲ್ಲಿ ಒಂದು ಒಳ್ಳೆಯತನವೂ ಇತ್ತು. ವಯಸ್ಸಿನಲ್ಲಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಫೋಟೋ ತೆಗೆಯುತ್ತಿದ್ದಾಗ, ಒಂದೇ ಕೋಣೆಯ ಮನೆಯಲ್ಲಿ ಬಾಣಂತಿಯೊಬ್ಬಳು ಕೂಸನ್ನೆತ್ತಿಕೊಂಡು ಕುಳಿತಿದ್ದಳು. ಅವಳ ಹಿಂದೆ ಒಣಗಲು ಹಾಕಿದ ಬಟ್ಟೆ, ಪಾಯ ಮುರಿದ ಮಂಚ, ಸುಣ್ಣ ಉದುರಿದ ಗೋಡೆ. ಮನೆ ಕಾಣದ ಹಾಗೆ ತೆಗೆಯುವುದಕ್ಕಾಗುತ್ತದೆಯೇ ಎಂದು ಅವಳು ಮೆಲ್ಲಗೆ ಕೇಳಿದಳು. ಇವನು ಕಿಂಡಿಯನ್ನು ಅಗಲಿಸಿದ. ಫೋಟೋ ಕೈಗೆ ಬಂದಾಗ ಮಂಚವೂ ಇಲ್ಲ, ಗೋಡೆಯೂ ಇಲ್ಲ; ತಾಯಿ, ಕೂಸು, ಹಿಂದೆ ಒಂದಿಷ್ಟು ಮೆತ್ತನೆಯ ಬಣ್ಣ. ಅವಳು ಅದನ್ನು ಎದೆಗೊತ್ತಿಕೊಂಡು ಅತ್ತಳಂತೆ. ಮಸುಕು ಮಾಡುವುದೆಂದರೆ ಜನರ ಮಾನ ಕಾಯುವುದು ಎಂದು ಅಂದೇ ಅವನ ತಲೆಯಲ್ಲಿ ಕೂತುಬಿಟ್ಟಿತು. ಅಂಥವನನ್ನು ಬೈಯುವುದಾದರೂ ಹೇಗೆ?

ಬೈಯುವ ಹಕ್ಕು ಇದ್ದದ್ದು ಒಬ್ಬಳಿಗೆ. ಅವಳು ಬೈಯಲಿಲ್ಲ.

ಸ್ಟುಡಿಯೋದ ಹಿಂಗೋಡೆಗೆ ಒಂದು ಪರದೆ ಇತ್ತು, ಒಂಬತ್ತು ಅಡಿ ಎತ್ತರ, ಹನ್ನೆರಡು ಅಡಿ ಅಗಲ. ಅದರ ಮೇಲೆ ಚಿತ್ರ ಬರೆಯುತ್ತಿದ್ದವಳು ಅವನ ಹೆಂಡತಿ. ವರ್ಷಕ್ಕೊಂದು ವಾರ ಅಂಗಡಿ ಮುಚ್ಚಿದಾಗ ಅವಳು ಪರದೆಯನ್ನು ನೆಲಕ್ಕೆ ಹಾಸಿ, ಹಳೆಯ ಚಿತ್ರದ ಮೇಲೆ ಬಿಳಿ ಬಳಿದು, ಹೊಸದನ್ನು ಶುರುಮಾಡುತ್ತಿದ್ದಳು. ಗೋಡೆ ಒಂದೇ, ಕಂಬಿ ಒಂದೇ, ಇನ್ನೊಂದು ಪರದೆ ಇಡಲು ಜಾಗವಿಲ್ಲ. ಹಾಗಾಗಿ ಬಟ್ಟೆಯೂ ಒಂದೇ. ಹತ್ತೊಂಬತ್ತು ವರ್ಷದ ಬಣ್ಣ ಮೆತ್ತಿ ಮೆತ್ತಿ ಅದು ಹಲಗೆಯಷ್ಟು ಬಿರುಸಾಗಿತ್ತು. ಮೇಲಿರುವುದು ಹತ್ತೊಂಬತ್ತನೆಯ ಚಿತ್ರ, ಮಿಕ್ಕ ಹದಿನೆಂಟು ಅದರ ಕೆಳಗೆ ಒಂದರ ಮೇಲೊಂದು ಮಲಗಿದ್ದವು.

"ಯಾಕೆ ಇಷ್ಟು ಕಷ್ಟಪಡ್ತೀಯ? ಫೋಟೋದಲ್ಲಿ ಬರೋದು ಬರೀ ಬಣ್ಣ ಅಷ್ಟೇ" ಎಂದು ಅವನು ಪ್ರತಿ ವರ್ಷವೂ ಹೇಳುತ್ತಿದ್ದ. ಅವಳು ಎಲೆಗೆ ನರ ಎಳೆಯುತ್ತ, ತಲೆಯೆತ್ತದೆ, "ಇರಲಿ ಬಿಡಿ" ಎನ್ನುತ್ತಿದ್ದಳು. ಅವನು ಬಿಡುತ್ತಿದ್ದ. ಪರದೆ ಕಟ್ಟುವುದು, ಬಿಚ್ಚುವುದು, ಧೂಳು ಹೊಡೆಯುವುದು ಎಲ್ಲ ಅವಳದೇ ಕೆಲಸ. ಅವನ ಜಾಗ ಕೋಣೆಯ ಇತ್ತಲಿನ ತುದಿ, ಕ್ಯಾಮೆರಾದ ಹಿಂದೆ. ದಿನವೂ ಆ ಪರದೆಯ ಎದುರು ನಿಲ್ಲುತ್ತಿದ್ದವನು ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಅದರ ಹತ್ತಿರ ಹೋಗಿ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳುತ್ತಾರೆಯೇ.

ಅವನಿಗೆ ಪರದೆಯ ಮೇಲೆ ಇದ್ದದ್ದು ಒಂದೇ ತಕರಾರು. ಮಕ್ಕಳನ್ನು ಫೋಟೋಕ್ಕೆ ಕೂರಿಸಿದರೆ ಅವು ಕ್ಯಾಮೆರಾದ ಕಡೆ ನೋಡುತ್ತಲೇ ಇರಲಿಲ್ಲ. ಕತ್ತು ತಿರುಗಿಸಿ ಹಿಂದಕ್ಕೆ, ಪರದೆಗೆ ಮೂಗು ತಗಲಿಸುವಷ್ಟು ಬಗ್ಗಿ, ಏನನ್ನೋ ಹುಡುಕಿ ಕಿಲಕಿಲ ನಗುತ್ತಿದ್ದವು. "ಇಲ್ಲಿ ನೋಡು ಪುಟ್ಟಾ, ಅಲ್ಲೇನಿದೆ ಮಣ್ಣು" ಎಂದು ಅವನು ಗಂಟಲು ಹರಿದುಕೊಳ್ಳುತ್ತಿದ್ದ. ಹೆಂಡತಿ ದೀಪದ ಪಕ್ಕ ನಿಂತು ಬಾಯಿಗೆ ಕೈ ಅಡ್ಡ ಹಿಡಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಗುರುವಾರ ಅಂಗಡಿಗೆ ಕಾಗದ ಬಂತು. ಅಂಗಡಿಗೆ ಬರುವ ಕಾಗದವೆಲ್ಲ ತನ್ನದೇ ಎಂಬ ಅಭ್ಯಾಸದಲ್ಲಿ ಅವನು ಲಕೋಟೆ ಹರಿದು ಓದಿದ. ಅರ್ಧ ಓದಿದ ಮೇಲೆ ವಿಳಾಸ ನೋಡಿದ, ಹೆಂಡತಿಯ ಹೆಸರಿತ್ತು. ಮಕ್ಕಳ ನಾಟಕದ ತಂಡವೊಂದು ರಂಗದ ಪರದೆ ಬರೆಯುವವರನ್ನು ಹುಡುಕುತ್ತಿತ್ತು, ಅವಳು ಯಾರಿಗೂ ಹೇಳದೆ ಅರ್ಜಿ ಬರೆದಿದ್ದಳು. ಉತ್ತರ ಚಿಕ್ಕದಾಗಿತ್ತು. ನೀವು ಈವರೆಗೆ ಬರೆದ ಪರದೆಗಳ ಫೋಟೋ ಕಳಿಸಿ. ಅಳತೆ ತಿಳಿಯುವಂತೆ ಮುಂದೆ ಯಾರಾದರೂ ಇರಲಿ. ಚಿತ್ರದ ಗೆರೆ ಗೆರೆಯೂ ಸ್ಪಷ್ಟವಾಗಿ ಕಾಣಲಿ. ಶನಿವಾರದ ಅಂಚೆಗೆ ಹಾಕಿದರೆ ಮಾತ್ರ ಪರಿಶೀಲಿಸುತ್ತೇವೆ.

ಮೊದಲು ಅವನಿಗೆ ಸ್ವಲ್ಪ ಚುರುಕ್ಕೆಂದಿತು, ತನಗೂ ಹೇಳಲಿಲ್ಲವಲ್ಲ ಎಂದು. ಆಮೇಲೆ ಒಳಕೋಣೆಯ ಬಾಗಿಲಲ್ಲಿ ನಿಂತಿದ್ದವಳ ಮುಖ ನೋಡಿದ. ಐವತ್ತೆಂಟು ವರ್ಷದ ಹೆಂಗಸು, ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗಿಯಂತೆ ನಿಂತಿದ್ದಳು. ಮೂವತ್ತು ವರ್ಷದ ಸಂಸಾರದಲ್ಲಿ ಇದು ಬೇಕು ಎಂದು ಬಾಯಿಬಿಟ್ಟು ಕೇಳಿದವಳಲ್ಲ. ಈಗ ಕೇಳಿದ್ದಳು, ಅದೂ ಊರಾಚೆಯವರನ್ನು.

"ಫೋಟೋ ತಾನೇ?" ಎಂದು ಅವನು ಎದೆಯುಬ್ಬಿಸಿದ. "ಫೋಟೋದವನ ಹೆಂಡತಿ ನೀನು. ಒಂದಲ್ಲ, ಒಂದು ಕಟ್ಟು ಕಳಿಸೋಣ."

ಅಟ್ಟದ ಮೇಲೆ ಹತ್ತೊಂಬತ್ತು ರಟ್ಟಿನ ಪೆಟ್ಟಿಗೆಗಳಿದ್ದವು, ವರ್ಷಕ್ಕೊಂದು. ತೆಗೆದ ಪ್ರತಿ ಫೋಟೋದ ಒಂದು ಪ್ರತಿಯನ್ನು ಅವನು ಎತ್ತಿಡುತ್ತಿದ್ದ. ಪಕ್ಕದ ಬೀದಿಯಲ್ಲಿದ್ದ ಮಗಳು ಕೆಲಸ ಮುಗಿಸಿ ಬಂದವಳು ಪೆಟ್ಟಿಗೆಗಳನ್ನು ಒಂದೊಂದಾಗಿ ಕೆಳಗಿಳಿಸಿದಳು. ಮೂವರೂ ನೆಲದ ಮೇಲೆ ಕುಳಿತರು. ಅವನು ಮೊದಲ ಪೆಟ್ಟಿಗೆಯಿಂದ ಒಂದು ಹಿಡಿ ತೆಗೆದು ದೀಪಕ್ಕೆ ಹಿಡಿದ. ಮುಖ, ಹಿಂದೆ ನೀಲಿ ಮಂಜು. ಇನ್ನೊಂದು ಮುಖ, ಅದೇ ನೀಲಿ ಮಂಜು. ಎರಡನೆಯ ಪೆಟ್ಟಿಗೆಯಲ್ಲಿ ಕಂದು ಮಂಜು. ಐದನೆಯದಕ್ಕೆ ಬರುವ ಹೊತ್ತಿಗೆ ಅವನ ಕೈ ನಿಧಾನವಾಯಿತು. ಸಾವಿರಾರು ಫೋಟೋಗಳಲ್ಲಿ ಪರದೆ ಕಾಣುವಂಥದ್ದು ಒಂದೂ ಇಲ್ಲ. ಮೂಲ ನೋಡೋಣವೆಂದರೆ ಅದು ಬಿಳಿ ಬಣ್ಣದ ಕೆಳಗೆ ಹೂತುಹೋಗಿತ್ತು. ಒಬ್ಬ ಹೆಂಗಸಿನ ಹದಿನೆಂಟು ವರ್ಷದ ಕೆಲಸ ಈ ಭೂಮಿಯ ಮೇಲೆ ಇತ್ತು ಎನ್ನುವುದಕ್ಕೆ ಸಾಕ್ಷಿ ಇರಲಿಲ್ಲ, ಅದನ್ನು ಅಳಿಸಿದವನು ತಾನೇ.

ಹೆಂಡತಿ ಮಾತ್ರ ಒಂದೊಂದು ಫೋಟೋವನ್ನೂ ತೆಗೆದುಕೊಂಡು, ಮುಖವನ್ನು ದಾಟಿ ಹಿಂದಿನ ಮಂಜನ್ನು ನೋಡುತ್ತಿದ್ದಳು. "ಇದು ಕೊಳ" ಎಂದಳು ನೀಲಿಯನ್ನು ತೋರಿಸಿ. "ಈ ಕಡೆ ಒಂದು ದೋಣಿ ಇತ್ತು, ಹಗ್ಗ ಬಿಚ್ಚಿತ್ತು." ಕಂದನ್ನು ತೋರಿಸಿ, "ಇದು ಪುಸ್ತಕದ ಕಪಾಟು. ಒಂದೊಂದು ಪುಸ್ತಕದ ಬೆನ್ನಿಗೂ ಹೆಸರು ಬರೆದಿದ್ದೆ. ಎಲ್ಲಾ ನಾನೇ ಕಟ್ಟಿದ ಹೆಸರು." ಅವನಿಗೆ ಬರೀ ಕಲಸಿದ ಬಣ್ಣವಾಗಿ ಕಂಡದ್ದರಲ್ಲಿ ಅವಳು ಬೆಟ್ಟದ ತಿರುವು, ರೈಲು ನಿಲ್ದಾಣ, ಮಳೆ ಬಿದ್ದ ಅಂಗಳ ಎಲ್ಲವನ್ನೂ ಗುರುತಿಸಿದಳು. ಹದಿನೆಂಟನ್ನೂ ಹೇಳಿ ಮುಗಿಸಿ, ಪೆಟ್ಟಿಗೆಯ ಮುಚ್ಚಳ ಹಾಕಿ, ಅವನ ಮೊಣಕಾಲು ತಟ್ಟಿ, "ಇರಲಿ ಬಿಡಿ" ಎಂದಳು.

ಎಷ್ಟೋ ಸಲ ಕೇಳಿದ ಮಾತು ಅದು. ಅಂದು ಮೊದಲ ಸಲ ಅವನಿಗೆ ಅದರ ಭಾರ ಗೊತ್ತಾಯಿತು. ಹತ್ತೊಂಬತ್ತನೆಯದು ಇನ್ನೂ ಗೋಡೆಯ ಮೇಲಿದೆಯಲ್ಲ ಎಂದ. ಅದರ ಫೋಟೋ ತೆಗೆಯುತ್ತೇನೆ, ನೀನೇ ಮುಂದೆ ಕೂರಬೇಕು, ನಾಳೆ ಅಂಗಡಿಗೆ ರಜೆ ಎಂದ.

ಶುಕ್ರವಾರ ಬೆಳಿಗ್ಗೆ ಎರಡು ದೀಪ ಹಚ್ಚಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ, ಹೆಂಡತಿಯನ್ನು ಸ್ಟೂಲಿನ ಮೇಲೆ ಕೂರಿಸಿದ ಮೇಲೆ ಅವನಿಗೆ ನೆನಪಾಯಿತು, ಕಿಂಡಿಯನ್ನು ಕಿರಿದು ಮಾಡುವ ಚಕ್ರ ಕೆಟ್ಟಿದೆ ಎಂದು. ಎರಡು ವರ್ಷದ ಹಿಂದೆ ಕ್ಯಾಮೆರಾ ಮೆಟ್ಟಿಲ ಮೇಲೆ ಬಿದ್ದು ಮುಂದಿನ ಚಕ್ರ ಕಚ್ಚಿಕೊಂಡಿತ್ತು. ಕಿಂಡಿ ಪೂರ್ತಿ ಅಗಲದಲ್ಲೇ ನಿಂತಿತ್ತು. ರಿಪೇರಿಯವನು ಬಿಡಿಭಾಗ ತರಿಸುತ್ತೇನೆಂದರೆ, ಬೇಡ, ನಾನು ಇರುವ ಕಡೆಯೇ ನಿಂತಿದೆಯಲ್ಲ ಎಂದು ನಕ್ಕು ಬಂದಿದ್ದ ಮಹಾನುಭಾವ. ಈಗ ಆ ರಿಪೇರಿಯವನಿಗೆ ಫೋನ್ ಮಾಡಿದರೆ ಹದಿನೈದು ದಿನ ಬೇಕು ಎಂದ. ಮಾಡಿದ್ದುಣ್ಣೋ ಮಹರಾಯ. ಫೋನಿನಲ್ಲೇ ಫೋಟೋ ತೆಗೆಯುವ ಕಾಲ ಆಗಿನ್ನೂ ಬಂದಿರಲಿಲ್ಲ. ಹಳೆಯ ಕ್ಯಾಮೆರಾಗಳನ್ನು ಕೊಟ್ಟೇ ಇದನ್ನು ತಂದಿದ್ದರಿಂದ ಮನೆಯಲ್ಲಿ ಇನ್ನೊಂದಿರಲಿಲ್ಲ.

ತಿರುಗುಣಿಯನ್ನು 'ಪಿ'ಗೆ ತಂದು ನೋಡಿದ. ಅಲ್ಲಿ ಕಿಂಡಿಯೂ ಹೊತ್ತೂ ಎರಡೂ ಕ್ಯಾಮೆರಾದ ಮರ್ಜಿ. ಫೋಟೋ ಬಂತು. ಮರ ಮರವಾಗಿ ಕಂಡಿತು, ಎಲೆ ಮಾತ್ರ ನಿದ್ದೆಗಣ್ಣಿನಲ್ಲಿ ನೋಡಿದಂತೆ. ಮತ್ತೆ 'ಎ'ಗೆ ತಂದು ಚಕ್ರವನ್ನು ಉಗುರಿನಿಂದ ಕೆರೆದ, ಊದಿದ, ಬೈದ. ಅದು ಜಪ್ಪಯ್ಯ ಎನ್ನಲಿಲ್ಲ. ಬೆವರು ಒರೆಸಿಕೊಂಡು ಬಾಗಿಲ ಬಳಿಯ ಬೆಂಚಿನ ಮೇಲೆ ಕುಕ್ಕರಿಸಿದ. ತನ್ನ ಕೈಯಲ್ಲೇ ಇರುವ ಒಂದು ಯಂತ್ರ ತನ್ನ ಹೆಂಡತಿಗೆ ಒಂದೇ ಒಂದು ಉಪಕಾರ ಮಾಡದಂತೆ ತಾನೇ ಅದನ್ನು ಸಾಕಿ ಬೆಳೆಸಿದ್ದೇನೆ ಎನಿಸಿ ನಾಚಿಕೆಯಾಯಿತು.

ಅವಳು ಸ್ಟೂಲಿನಿಂದ ಏಳಲಿಲ್ಲ. ಪರದೆ ಬರೆಯುವವಳಾದರೂ ಹತ್ತೊಂಬತ್ತು ವರ್ಷ ದೀಪ ಹಿಡಿದು ನಿಂತವಳು. ಗಿರಾಕಿಗಳಿಗೆ ಅವನು ಕೊಚ್ಚಿಕೊಳ್ಳುತ್ತಿದ್ದುದೆಲ್ಲ ಅವಳ ಕಿವಿಗೆ ಬಿದ್ದಿತ್ತು.

"ರೀ, 'ಎ' ಅಂದ್ರೆ ಕಿಂಡಿ ನಾವು ಹೇಳೋದು, ಹೊತ್ತು ಅದು ಲೆಕ್ಕ ಹಾಕೋದು ಅಂತಿದ್ರಲ್ಲ" ಎಂದಳು. "ಹೊತ್ತು ನಾವು ಹೇಳಿದ್ರೆ ಏನಾಗುತ್ತೆ?"

"ಕಿಂಡಿ ಅದು ಲೆಕ್ಕ..." ಎಂದವನು ಅಲ್ಲಿಗೇ ನಿಂತ. ಬೆಂಚಿನಿಂದ ಎದ್ದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? 'ಎಸ್' ಎಂಬ ಅಕ್ಷರ ತಿರುಗುಣಿಯ ಮೇಲೆ 'ಎ'ಯ ಪಕ್ಕದಲ್ಲೇ ಇತ್ತು. ಅಲ್ಲಿ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, ಎಷ್ಟು ಹೊತ್ತು ತೆರೆದಿರಬೇಕೆಂದು ನಾವು ಹೇಳುತ್ತೇವೆ, ಅದಕ್ಕೆ ತಕ್ಕ ಕಿಂಡಿಯನ್ನು ಕ್ಯಾಮೆರಾ ಹುಡುಕಿಕೊಳ್ಳುತ್ತದೆ. ಹೊತ್ತು ಬದಲಿಸುವುದು ಹಿಂದಿನ ಚಕ್ರ, ಅದಕ್ಕೇನೂ ಆಗಿರಲಿಲ್ಲ. ಬಾಗಿಲನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಬೆಳಕು ಅತಿಯಾಗುತ್ತದೆ, ಅತಿಯಾಗದಿರಲು ಕ್ಯಾಮೆರಾ ತಾನಾಗಿಯೇ ಕಿಂಡಿಯನ್ನು ಕಿರಿದು ಮಾಡಲೇಬೇಕು. ಮುಂಬಾಗಿಲು ತೆರೆಯದಿದ್ದರೆ ಹಿಂಬಾಗಿಲಿಂದ ಹೋದರಾಯಿತು. ಅವನು ಚಕ್ರ ತಿರುಗಿಸುತ್ತ ಹೋದ. ಕಿಂಡಿಯ ಅಂಕಿ ನಾಲ್ಕಾಯಿತು, ಎಂಟಾಯಿತು. ಹೊತ್ತು ಪೂರ್ತಿ ಒಂದು ಸೆಕೆಂಡಿಗೆ ಬಂದಾಗ ಹದಿನಾರಕ್ಕೆ ಹೋಗಿ ನಿಂತಿತು. ಅಂಕಿ ಹಿರಿದಾದಷ್ಟೂ ಕಿಂಡಿ ಕಿರಿದು. ಆ ಕ್ಯಾಮೆರಾ ಇಷ್ಟು ಕಣ್ಣು ಕಿರಿದು ಮಾಡಿದ್ದನ್ನು ಅವನು ಕಂಡೇ ಇರಲಿಲ್ಲ.

ಇನ್ನು ಒಂದೇ ತೊಡಕು. ಬಾಗಿಲು ಒಂದು ಸೆಕೆಂಡು ತೆರೆದಿರುವಾಗ ಎದುರಿಗಿದ್ದವರು ಅಲುಗಾಡಬಾರದು. ಒಂದು ಸೆಕೆಂಡು ಏನು ಮಹಾ ಎನ್ನಬಹುದು, ಆದರೆ ಅವಳು ಕೂತಲ್ಲಿ ಕೂರುವ ಪೈಕಿಯಲ್ಲ. ಉಸಿರು ಹಿಡಿದು ಹಾಗೇ ಇರು ಎಂದು ಹೇಳಿ, ಅವಳಿಗಿಂತ ಮೊದಲು ತಾನೇ ಕೆನ್ನೆಯುಬ್ಬಿಸಿ ಉಸಿರು ಕಟ್ಟಿ, ಒತ್ತಿದ. ಬಾಗಿಲು ತೆರೆದ ಸದ್ದಾಯಿತು. ಕ್ಯಾಮೆರಾದ ಹಿಂದೆ ಊದಿಕೊಂಡ ಆ ಮುಖ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಬಾಗಿಲು ಮುಚ್ಚಿದ ಸದ್ದು ಕೇಳುವಷ್ಟರಲ್ಲಿ ಅವಳು ಹೊಟ್ಟೆ ಹಿಡಿದುಕೊಂಡಿದ್ದಳು.

ಕಂಪ್ಯೂಟರಿನಲ್ಲಿ ಫೋಟೋ ತೆರೆದಾಗ ಮಧ್ಯಾಹ್ನದ ಬಿಡುವಿನಲ್ಲಿ ಮಗಳೂ ಬಂದಿದ್ದಳು. ನಗುವಿನಲ್ಲಿ ಅಲುಗಾಡಿದ ಹೆಂಡತಿಯ ಮುಖ ಪೂರಾ ಕದಡಿಹೋಗಿತ್ತು. ಅವಳ ಹಿಂದೆ ತೋಟವೊಂದು ನಿಂತಿತ್ತು. ಹತ್ತಿ ಹೋಗುವ ಕಲ್ಲಿನ ಮೆಟ್ಟಿಲು, ಮೆಟ್ಟಿಲ ಸಂದಿಯಲ್ಲಿ ಹುಲ್ಲು, ತುಕ್ಕು ಹಿಡಿದ ಗೇಟು, ಗೇಟಿನ ಮೇಲೆ ಬಾಗಿದ ಮರ. ಎಲೆ ಎಲೆಗೂ ನರ. ಕೆಲವು ಎಲೆಗಳನ್ನು ಹುಳ ತಿಂದಿತ್ತು, ತಿಂದ ತೂತಿನಿಂದ ಬಿಸಿಲು ಬೀಳುತ್ತಿತ್ತು. ಇಷ್ಟು ದಿನ ಈ ತೋಟದ ಎದುರು ನಿಂತು ತಾನು 'ಅಲ್ಲೇನಿದೆ ಮಣ್ಣು' ಎನ್ನುತ್ತಿದ್ದೆನಲ್ಲ ಎಂದುಕೊಂಡ. ಗೆರೆ ಸ್ಪಷ್ಟವಾಗಿದೆಯೇ ನೋಡಲು ಫೋಟೋವನ್ನು ದೊಡ್ಡದು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಮೇಲೆ ಹತ್ತುತ್ತ ಹೋದ. ಗೇಟಿನ ಕಂಬದ ಪಕ್ಕ, ಮರದ ನೆರಳಿನಲ್ಲಿ, ಹೆಬ್ಬೆರಳಿನಷ್ಟು ಎತ್ತರದ ಒಬ್ಬ ಮನುಷ್ಯ ನಿಂತಿದ್ದ.

ಸೊಂಟ ಬಗ್ಗಿಸಿದ್ದ. ಎಡಗಣ್ಣು ಮುಚ್ಚಿದ್ದ. ಬೋಳುತಲೆಯ ಹಿಂಬದಿಯಲ್ಲಿ ಮಾತು ಕೇಳದ ಒಂದು ಜುಟ್ಟು ಎದ್ದು ನಿಂತಿತ್ತು. ಕೈಯಲ್ಲಿ ಕ್ಯಾಮೆರಾ. ತೋಟದೊಳಗಿಂದ ಈಚೆಗೆ, ನೋಡುವವರ ಕಡೆಗೇ ಗುರಿಯಿಟ್ಟಿದ್ದ.

ಮಸುಕಪ್ಪನ ಕೈ ತನಗೆ ತಿಳಿಯದೆ ತನ್ನ ತಲೆಯ ಹಿಂಬದಿಗೆ ಹೋಯಿತು.

"ನಿನಗೆ ಇವತ್ತು ಗೊತ್ತಾಯ್ತಾ ಅಪ್ಪ?" ಎಂದಳು ಮಗಳು. "ಬೀದೀಲಿರೋ ಮಕ್ಕಳಿಗೆಲ್ಲಾ ಗೊತ್ತು. ಹೊಸ ಪರದೆ ಬಂತು ಅಂದ್ರೆ ಸ್ಟುಡಿಯೋ ತಾತ ಎಲ್ಲಿದ್ದಾನೆ ಅಂತ ಹುಡುಕೋಕೇ ಬರ್ತಿದ್ವು."

ಕೊಳದಲ್ಲಿ ಹಗ್ಗ ಬಿಚ್ಚಿದ ದೋಣಿಯಲ್ಲಿ ಅವನೇ ಇದ್ದ. ಪುಸ್ತಕದ ಕಪಾಟಿನ ಏಣಿಯ ಮೇಲೆ, ಬೆಟ್ಟದ ತಿರುವಿನಲ್ಲಿ, ರೈಲಿನ ಕೊನೆಯ ಕಿಟಕಿಯಲ್ಲಿ, ಹತ್ತೊಂಬತ್ತರಲ್ಲೂ ಇದ್ದ. ಹೆಂಡತಿ ಇದನ್ನೆಲ್ಲ ನೆಲ ನೋಡುತ್ತ, ಕದ್ದು ಸಿಕ್ಕಿಬಿದ್ದವಳಂತೆ ಹೇಳಿದಳು. ಮೊದಲ ವರ್ಷ ತಮಾಷೆಗೆ ಬರೆದದ್ದಂತೆ, ಫೋಟೋ ಬಂದಾಗ ಅವನು ತನ್ನನ್ನು ತಾನೇ ನೋಡಿ ಬೈಯಲಿ ಎಂದು. ಫೋಟೋದಲ್ಲಿ ಕಾಣಲೇ ಇಲ್ಲ. ಮರುವರ್ಷ ನೋಡುತ್ತಾನೇನೋ ಎಂದು ಮತ್ತೆ ಬರೆದಳು. ಆಮೇಲೆ ಅವನಿಲ್ಲದ ಪರದೆ ಬರೆಯುವುದೇ ಅವಳಿಗೆ ಬಾರದಾಯಿತು.

ಅವನಿಗೆ ದುಃಖವೂ ಆಗಿತ್ತು, ಅದಕ್ಕಿಂತ ಹೆಚ್ಚು ಸಂತೋಷವೂ ಆಗಿತ್ತು. ಇನ್ನೊಬ್ಬರ ಮಾನ ಕಾಯುತ್ತೇನೆಂದು ಬೀಗುತ್ತಿದ್ದವನನ್ನು ಇವಳು ಸದ್ದಿಲ್ಲದೆ ಕೊಳದಲ್ಲಿ, ಬೆಟ್ಟದಲ್ಲಿ, ತೋಟದಲ್ಲಿ ಕಾದುಕೊಂಡು ಬಂದಿದ್ದಳು. ಮುಖ ಕದಡಿದರೂ ಪರವಾಗಿಲ್ಲ, ಅವರು ಕೇಳಿದ್ದು ಪರದೆಯನ್ನಲ್ಲವೇ, ಇದನ್ನೇ ಕಳಿಸೋಣ ಎಂದಳು ಅವಳು. ಆಗದು ಎಂದ ಅವನು. ಮುಖ ಮಸುಕಾದ ಫೋಟೋ ತನ್ನ ಅಂಗಡಿ ದಾಟಿಲ್ಲ, ದಾಟುವುದೂ ಇಲ್ಲ. ಈ ಸಲ ಹಿಂದಿನದೂ ಮಸುಕಾಗಕೂಡದು. ಇನ್ನೊಂದು ತೆಗೆಯೋಣ ಎಂದು ಅವಳ ಕೈ ಹಿಡಿದು ಎಬ್ಬಿಸಿದ.

ಆ ಫೋಟೋ ಶನಿವಾರದ ಅಂಚೆಗೆ ಬಿತ್ತು, ಜೊತೆಗೆ ಹದಿನೆಂಟು ಚಿತ್ರಗಳ ಹೆಸರು ಅವಳದೇ ಕೈಬರಹದಲ್ಲಿ. ಹನ್ನೊಂದನೆಯ ದಿನ ಉತ್ತರ ಬಂತು, ಈ ಸಲ ಲಕೋಟೆಯನ್ನು ಅವಳೇ ಹರಿದಳು. ಮೂರು ಪರದೆ ಬೇಕು, ಮೂರಕ್ಕೂ ಹೊಸ ಬಟ್ಟೆ ಕಳಿಸುತ್ತೇವೆ, ಒಂದರ ಮೇಲೊಂದು ಬಳಿಯುವುದು ಬೇಡ ಎಂದಿತ್ತು. ಓದಿ ಮುಗಿಸಿ ಅವಳು ತುಂಬ ಹೊತ್ತು ಲಕೋಟೆಯನ್ನು ಮಡಿಸುತ್ತ ಬಿಚ್ಚುತ್ತ ಕುಳಿತಿದ್ದಳು. ಅದು ಆಮೇಲಿನ ಮಾತು.

ಆ ಶುಕ್ರವಾರ ಮಧ್ಯಾಹ್ನ, ಮಗಳು ಕೆಲಸಕ್ಕೆ ಮರಳಿದ ಮೇಲೆ, ಅವನು ತಿರುಗುಣಿಯನ್ನು 'ಎಸ್'ನಲ್ಲೇ ಇಟ್ಟು, ಹೊತ್ತನ್ನು ಒಂದು ಸೆಕೆಂಡಿಗೆ ತಂದು, ಹತ್ತು ಎಣಿಸಿದ ಮೇಲೆ ತಾನೇ ಫೋಟೋ ತೆಗೆಯುವಂತೆ ಕ್ಯಾಮೆರಾಕ್ಕೆ ಹೇಳಿದ. ಈಗ ಅವಳನ್ನು ನಗಿಸಲು ಕ್ಯಾಮೆರಾದ ಹಿಂದೆ ಯಾರೂ ಇರಲಿಲ್ಲ. ಗುಂಡಿ ಒತ್ತಿ ಓಡಿ ಬಂದ. ಕೋಣೆಯ ಇತ್ತಲಿನ ತುದಿಯಿಂದ ಅತ್ತಲಿನ ತುದಿಗೆ, ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಇನ್ನೊಂದು ಸ್ಟೂಲೆಳೆದು ಹೆಂಡತಿಯ ಎಡಕ್ಕೆ ಕುಳಿತು, ಪರದೆ ಬರೆದ ಅವಳ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿತ್ತು. ಅವಳು ಒಮ್ಮೆ ಹಿಂದಕ್ಕೆ ತಿರುಗಿ ಪರದೆಯನ್ನು ನೋಡಿದಳು.

"ರೀ, ಸ್ವಲ್ಪ ಸರಿದು ಕೂತ್ಕೊಳ್ಳಿ" ಎಂದಳು. "ನಿಮ್ಮನ್ನ ನೀವೇ ಮರೆ ಮಾಡ್ತಿದ್ದೀರಿ."

ಅವನು ಅವಳ ಕಡೆಗೆ ಸರಿದ. ಭುಜಕ್ಕೆ ಭುಜ ತಾಗಿತು, ಗೇಟಿನ ಬಳಿಯ ಆ ಚಿಕ್ಕ ಮನುಷ್ಯ ಮರೆಯಿಂದ ಈಚೆಗೆ ಬಂದ. ಕ್ಯಾಮೆರಾದ ಬಾಗಿಲು ತೆರೆದು ಒಂದು ಸೆಕೆಂಡು ಹಾಗೇ ಇತ್ತು. ಮೂವರಲ್ಲಿ ಯಾರೂ ಅಲುಗಾಡಲಿಲ್ಲ.